ನಡುವೆ ಬಂದ ಲಾರಿ

"ಬಾಕ್ಸ್ ಯಾಕ್ರೀ ಆಫ್ ಮಾಡಿದ್ರಿ?"

ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ ಎರಡೂ ಕಾರುಗಳು ನಿಂತದ್ದೇ ತಡ, ರೇವತಿ ಹಿಂದಿನ ಕಾರಿನಿಂದ ಇಳಿದು ಬಂದು ಮುಂದಿನ ಕಾರಿನ ಹೊಸ ಡ್ರೈವರನ್ನು ಕೇಳಿದ ಮೊದಲ ಮಾತೇ ಇದು. ಮಹದೇವಪುರದ ಹುಡುಗ, ಹೆಸರು ಸೂರ್ಯ. ಪಾಪ, ಅವನಿನ್ನೂ ಸೀಟ್ ಬೆಲ್ಟ್ ಕೂಡ ಬಿಚ್ಚಿರಲಿಲ್ಲ.

"ಆಫ್ ಮಾಡಿಲ್ಲ ಮೇಡಂ. ಮಧ್ಯೆ ಲಾರಿ ಬಂತು."

ಲಾರಿಯಂತೆ ಲಾರಿ! ರೇವತಿಗೆ ಮೈಯೆಲ್ಲ ಉರಿಯಿತು.

ಇದು ೨೦೦೮ರ ಮಾತು. ಸಿ.ವಿ. ರಾಮನ್ ನಗರದ ಸಣ್ಣ ಸಂಶೋಧನಾ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಹೆದ್ದಾರಿಯಲ್ಲಿ ಮುಂದಿನ ಕಾರು ಬ್ರೇಕ್ ಹಾಕಿದರೆ ಆ ಸುದ್ದಿ ರೇಡಿಯೊ ಬಾಕ್ಸಿನಿಂದ ಹಿಂದಿನ ಕಾರಿಗೆ ಮುಟ್ಟಬೇಕು. ನೂರಕ್ಕೆ ಎಷ್ಟು ಸಲ ಮುಟ್ಟೀತು ಎಂದು ಮೊದಲೇ ಹೇಳುವ ಲೆಕ್ಕವೊಂದನ್ನು ಅವಳು ಕಟ್ಟುತ್ತಿದ್ದಳು. ಅದರಲ್ಲಿ ದೂರವಿತ್ತು, ವೇಗವಿತ್ತು. ಲಾರಿ ಮಾತ್ರ ಇರಲಿಲ್ಲ. ಸುದ್ದಿ ತಪ್ಪಿದಾಗಲೆಲ್ಲ 'ಚಾಲಕನ ತಪ್ಪು' ಎಂದು ವರದಿಯಲ್ಲಿ ಬರೆದು, ಆ ಪರೀಕ್ಷೆಯ ಓಟವನ್ನೇ ಲೆಕ್ಕದಿಂದ ತೆಗೆದುಬಿಡುತ್ತಿದ್ದಳು.

ಮೂರು ತಿಂಗಳು ಹೊಸಕೋಟೆಗೆ ಹೋದರು, ಬಂದರು. ಒಂದು ದಿನ ಟೀ ಕುಡಿಯುವಾಗ ಸೂರ್ಯ ಕೇಳಿದ, ಒಂದೇ ಸುದ್ದಿಯನ್ನು ಸೆಕೆಂಡಿಗೆ ಹತ್ತು ಸಲ ಯಾಕೆ ಕಳಿಸುತ್ತೀರಿ ಎಂದು. ಒಂಬತ್ತು ಕಳೆದುಹೋದರೂ ಒಂದಾದರೂ ಮುಟ್ಟಲಿ ಅಂತ ಎಂದಳು. ಅವನು ನಕ್ಕ. ಆ ನಗು ಅವಳ ಮನಸ್ಸಿನಲ್ಲಿ ಕೂತೇಬಿಟ್ಟಿತು...

ಆದರೂ ವರದಿ ಬರೆಯುವುದನ್ನು ಬಿಟ್ಟಳೇ? ಇಲ್ಲ. ಕೆಲಸ ಕೆಲಸವೇ ಅಂದುಕೊಂಡಳು.

ಒಂದು ಸೋಮವಾರ ಮುಂದಿನ ಕಾರಿನಲ್ಲಿ ಬೈಲಪ್ಪ ಎಂಬ ಬೇರೆ ಡ್ರೈವರ್ ಕೂತಿದ್ದ. ವರದಿ ನೋಡಿ ಸೂರ್ಯನನ್ನು ಕೆಲಸದಿಂದ ತೆಗೆದಿದ್ದರು. ಬೈಲಪ್ಪನ ಓಟದಲ್ಲೂ ಸುದ್ದಿ ತಪ್ಪಿತು. ಯಾವಾಗಲೂ ಲ್ಯಾಪ್‌ಟಾಪಿನಲ್ಲೇ ಮುಳುಗಿರುತ್ತಿದ್ದ ರೇವತಿ ಮೊದಲ ಸಲ ತಲೆಯೆತ್ತಿ ನೋಡಿದಳು. ಎರಡು ಕಾರುಗಳ ನಡುವೆ ಗೋಡೆಯಂತೆ ಒಂದು ಲಾರಿ! ಅದು ಪಕ್ಕಕ್ಕೆ ಸರಿದ ಕೂಡಲೇ ಸುದ್ದಿ ಮತ್ತೆ ಬರತೊಡಗಿತು.

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ...

ಸೂರ್ಯನನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಮೇಲಧಿಕಾರಿ ಅಂಬಣ್ಣನವರನ್ನು ಗೋಗರೆದಳು. ಬರೆದವರು ನೀವೇ ಅಲ್ಲವೇ, ಈಗ ನನ್ನ ಕೈಲಿ ಏನೂ ಇಲ್ಲ ಎಂದರು. ಫೋನ್ ಮಾಡಿದರೆ ಸೂರ್ಯ ಎತ್ತಲಿಲ್ಲ. ಮನೆಗೆ ಹೋದರೆ ಅವನ ತಾಯಿ ಚಿಕ್ಕಮುನಿಯಮ್ಮ ನೀರು ಕೊಟ್ಟು, ಮಗ ಈಗ ಲಾರಿ ಓಡಿಸುತ್ತಾನೆ, ನಿಮ್ಮ ಹೆಸರು ಎತ್ತಬೇಡ ಅಂದಿದ್ದಾನೆ ಎಂದರು. ರಾಮಮೂರ್ತಿ ನಗರದ ಬಾಡಿಗೆ ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಅತ್ತಳು. ಇನ್ನೇನು ಮಾಡಬೇಕೆಂದೇ ತೋಚಲಿಲ್ಲ.

ಮಾಡಬಹುದಾದದ್ದು ಒಂದೇ ಇತ್ತು. ತೆಗೆದುಹಾಕಿದ ಓಟಗಳನ್ನೆಲ್ಲ ಮತ್ತೆ ಸೇರಿಸಿದಳು. ನೂರಕ್ಕೆ ತೊಂಬತ್ತೆಂಟು ಎನ್ನುತ್ತಿದ್ದ ಲೆಕ್ಕ ಅರವತ್ತಕ್ಕೆ ಇಳಿಯಿತು. ಇಳಿಯಲಿ ಎಂದುಕೊಂಡು ಅಂಬಣ್ಣನವರಿಗೆ ಹೊಸ ವರದಿ ಕೊಟ್ಟು, ಲಾರಿ ಸ್ಟ್ಯಾಂಡಿಗೆ ಹೋದಳು.

ಸೂರ್ಯ ಲಾರಿಯ ಮೇಲೆ ನಿಂತು ಟಾರ್ಪಾಲು ಬಿಗಿಯುತ್ತಿದ್ದ. ಕೆಳಗಿಳಿಯಲಿಲ್ಲ.

"ತಪ್ಪು ನಂದು ಅಂತ ಬರ್ದು ಕೊಟ್ಟಿದ್ದೀನಿ ಸೂರ್ಯ. ಕೆಲ್ಸ ವಾಪಸ್ ಕೊಡಿಸೋಕೆ ನನ್ನ ಕೈಲಿ ಆಗಲ್ಲ..." ಅವಳು ಲಾರಿಯ ಹತ್ತಿರಕ್ಕೆ ಬಂದಳು. "ನೀವಿಲ್ದೆ ಇರೋಕೂ ಆಗಲ್ಲ."

ಹಗ್ಗ ಹಿಡಿದ ಕೈ ನಿಂತಿತು. ಆಮೇಲೆ ಮತ್ತೆ ಬಿಗಿಯತೊಡಗಿತು.

ಅದನ್ನೇ ಮತ್ತೆ ಹೇಳಿದಳು. ಮೂರನೆಯ ಸಲಕ್ಕೆ ಅಳು ತಡೆಯಲಾಗಲಿಲ್ಲ. ಆಗ ಅವನು ಇಳಿದು ಬಂದ.

"ಎಷ್ಟು ಸಲ ಹೇಳ್ತೀರಾ ಮೇಡಂ?"

"ಹತ್ತು ಸಲ. ಒಂದಾದ್ರೂ ಮುಟ್ಟಲಿ ಅಂತ."

"ಮೊದಲ್ನೇದೇ ಮುಟ್ತು ರೇವತಿ," ಎಂದ ಅವನು, ಅವಳ ಕಣ್ಣೊರೆಸುತ್ತ. "ಆದ್ರೂ ಮಿಕ್ಕಿದ್ದೂ ಹೇಳಿ."