ಒಣಗದ ಕರಡು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಲಂಡನ್ನಿನ ನಮ್ಮ ಅಚ್ಚುಕೂಟದಲ್ಲಿ ಹಲವು ಕವಿಗಳ ಸಂಕಲನಕ್ಕೆ ಅಚ್ಚುಮೊಳೆ ಜೋಡಿಸುತ್ತಿದ್ದೆ. ಪುಟದ ಕೊನೆಯಲ್ಲಿ ಜಾಗ ಉಳಿದರೆ ನಾವೇ ನಾಲ್ಕು ಸಾಲು ಹೊಸೆದು ತುಂಬುವುದು ರೂಢಿ. ಅವತ್ತು ತಮಾಷೆಗೆ, ಅಚ್ಚೊತ್ತುವ ಅಂಬ್ರೋಸ್ ಸತ್ತನೆಂದು ಚರಮಪದ್ಯ ಜೋಡಿಸಿದೆ.

ಅದರ ಕರಡುಪ್ರತಿ ಅಚ್ಚೊತ್ತಿ, ಓದಿ ಅವನು ನಕ್ಕ. "ಲೋ ಪಾಪಿ, ಬದುಕಿರುವಾಗಲೇ ಹೂತುಬಿಟ್ಟೆಯಲ್ಲೋ."

ಮಧ್ಯಾಹ್ನದೊಳಗೆ ಅವನ ಕೈ ತಣ್ಣಗಾಗಿ, ಉಸಿರಿಗೆ ಹಸಿಮಣ್ಣಿನ ವಾಸನೆ ಬಂತು. ಶಾಯಿ ಒಣಗಲೆಂದು ಹಗ್ಗದ ಮೇಲೆ ಹಾಕಿದ್ದ ಹಾಳೆಗಳಲ್ಲಿ ಆ ಕರಡೊಂದೇ ಒಣಗಿರಲಿಲ್ಲ.

ಕೂಡಲೇ ಜೋಡಿಸಿದ್ದ ಪದ್ಯ ಕಳಚಿ, ಮೊಳೆಗಳನ್ನೆಲ್ಲ ಅವುಗಳ ಗೂಡಿಗೆ ಹಾಕಿದೆ. ಕೊನೆಯದು ಬೀಳುತ್ತಿದ್ದಂತೆ ಅಂಬ್ರೋಸ್ ಕೆಮ್ಮಿ, "ಬಿಯರ್ ಎಲ್ಲೋ?" ಎಂದ. ನನಗೆ ಹೋದ ಜೀವ ಬಂದಂತಾಯಿತು.

ಅವನಿಗೀಗ ಎಪ್ಪತ್ತು, ಗುಂಡುಕಲ್ಲಿನ ಹಾಗಿದ್ದಾನೆ. ಕರಡು ನನ್ನ ಪೆಟ್ಟಿಗೆಯಲ್ಲಿದೆ. ಮೂವತ್ತು ವರ್ಷವಾಯಿತು, ಅದರ ಶಾಯಿ ಇನ್ನೂ ಬೆರಳಿಗೆ ಹತ್ತುತ್ತದೆ.