ನವಿಲಿನ ಕಣ್ಣು

ಕೌದಿ ಹೊಲಿಯುವಾಗ ನಾನು ದಾರದ ಗಂಟನ್ನು ಯಾವತ್ತೂ ಬಲಗಡೆಯೇ ಹಾಕುವುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನಗೆ ಅನುಮಾನ ಶುರುವಾಗಿದ್ದೇ ಅದರಿಂದ.

ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಯಲ್ಲಿ ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ನನ್ನದು. ಟೈಲರ್ ಸಿದ್ದೇಶ್ ಕೊಡುವ ಚೂರುಪಾರು ಬಟ್ಟೆಗಳನ್ನು ಒಂದಕ್ಕೊಂದು ಸೇರಿಸುತ್ತಾ ಕೂತರೆ ಕಾಫಿ ಕೂಡ ಮರೆತುಹೋಗುತ್ತದೆ. ದಿನಕ್ಕೆ ನಾಲ್ಕೇ ತುಂಡು, ಅವಸರವಿಲ್ಲ.

ಕಳೆದ ಸೋಮವಾರ ಮಡಿಸಿಟ್ಟ ಕೌದಿ ಬಿಡಿಸಿದರೆ ಹಿಂದಿನ ದಿನದ ನಾಲ್ಕರ ಪಕ್ಕ ಐದನೆಯ ತುಂಡೊಂದು ಸೇರಿಕೊಂಡಿತ್ತು. ಅದರ ಗಂಟು ಎಡಗಡೆ ಇತ್ತು. ಸೂಜಿ ಮುಟ್ಟಿದೆ, ಬೆಚ್ಚಗಿತ್ತು.

ನಮ್ಮ ಮನೆಯ ಇನ್ನೊಂದು ಬೀಗದಕೈ ಇರುವುದು ಕೆಳಗಿನ ಓನರ್ ಮುನಿಲಕ್ಷ್ಮಮ್ಮನವರ ಹತ್ತಿರ. ನೇರ ಇಳಿದು ಹೋದೆ.

"ಆಂಟಿ, ನನ್ನ ಕೌದಿ ಮುಟ್ಟಿದ್ರಾ?"

"ಸೂಜಿಗೆ ದಾರ ಪೋಣ್ಸೋಕೇ ಕಣ್ಣು ಕಾಣಲ್ಲ ಕಣಮ್ಮ ನಂಗೆ," ಎಂದರು.

ನಾನು ನಂಬಲಿಲ್ಲ. ಆ ತುಂಡಿನಲ್ಲಿ ಒಂದು ನವಿಲಿನ ಕಣ್ಣಿತ್ತು. ನನ್ನ ಮಗಳು ಧನ್ಯಶ್ರೀ ಬ್ಲೌಸ್ ಪೀಸಿನ ಮೇಲೆ ತಾನೇ ಬರೆದ ನವಿಲು ಅದು. ಪಕ್ಕದಲ್ಲಿ ಅವಳು ಬೀಳಿಸಿದ ಕೆಂಪು ಬಣ್ಣದ ಹನಿಯೂ ಇತ್ತು. ಹೊಲಿಯಲು ಕೊಟ್ಟಿದ್ದ ಆ ಬಟ್ಟೆಯ ಚೂರನ್ನು ಸಿದ್ದೇಶನೇ ಆಂಟಿಗೆ ಕೊಟ್ಟಿರಬೇಕೆಂದು ಅಂಗಡಿಗೆ ಹೋಗಿ ಜೋರು ಮಾಡಿದೆ.

"ಅಕ್ಕ, ನಿಮ್ದಕ್ಕೆ ಇನ್ನೂ ಕತ್ತರೀನೇ ಹಾಕಿಲ್ಲ," ಎಂದು ಬಟ್ಟೆ ಬಿಡಿಸಿ ತೋರಿಸಿದ.

ನವಿಲು ಇಡಿಯಾಗಿತ್ತು. ಕಣ್ಣೂ ಇತ್ತು, ಪಕ್ಕದಲ್ಲಿ ಹನಿಯೂ ಇತ್ತು.

ಬಟ್ಟೆಯನ್ನು ವಾಪಸ್ ತಂದು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದಕೈ ನನ್ನ ಸೊಂಟದಲ್ಲೇ ಇದೆ. ಇವತ್ತೂ ತೆಗೆದು ನೋಡಿದೆ, ಎಲ್ಲೂ ಕತ್ತರಿ ತಾಗಿಲ್ಲ.

ಕೌದಿಯಲ್ಲಿ ಈಗ ನವಿಲಿನ ಕುತ್ತಿಗೆಯೂ ಬಂದಿದೆ.