ಕೋಟೆ ಬಾವಿಯ ಬಟ್ಟೆ

ಈ ಮಾತು ತೆಗೆದರೆ ನನ್ನ ಗಂಡ ಎದ್ದು ಹೊರಗೆ ಹೋಗುತ್ತಾರೆ. ೨೦೧೧ರ ಮೇ ತಿಂಗಳಲ್ಲಿ ನಿಪ್ಪಾಣಿಯಿಂದ ಅತ್ತೆ, ಅವರು, ನಾನು ಮೂವರೂ ಗುಡ್ಡದ ಮೇಲಿನ ಹಳೆಯ ಕೋಟೆಯೂರಿಗೆ ಹೋಗಿದ್ದೆವು. ದೆವ್ವಗಳ ಊರೆಂದು ಅದಕ್ಕೆ ಕೆಟ್ಟ ಹೆಸರು. ಆದರೆ ನಡುಹಗಲು, ತಂಗಾಳಿ. ಬುತ್ತಿ ಬಿಚ್ಚಿ ಕೂತಾಗ ಸುಖವೆನಿಸಿತ್ತು. ಅತ್ತೆ ಚಂದ್ರಮತಿ ಅಲ್ಲಿನ ಬಾವಿಗೆ ಬಕೆಟ್ ಬಿಟ್ಟರು.

“ಆ ನೀರ ಯಾರೂ ಕುಡಿಯಂಗಿಲ್ರಿ, ಅವ್ವಾರ,” ಎಂದ ಕೋಟೆ ಬಾಗಿಲಲ್ಲಿದ್ದ ಚಹಾದಂಗಡಿಯವನು.

“ಸೋಸಿ ಕುಡಿತೀವಪಾ.”

ನೀರು ಸಿಹಿಯಾಗಿತ್ತು, ಹಲ್ಲು ಜುಮ್ಮೆನ್ನುವಷ್ಟು ತಂಪು. ಸೋಸಿದ ಬಟ್ಟೆಗೆ ಅಂಟಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಮರಳಿಸುವುದು ನಮ್ಮ ಜೈನರ ರೂಢಿ. ಅತ್ತೆ ಬಟ್ಟೆಯನ್ನು ಬಕೆಟ್ಟಿನಲ್ಲಿ ಜಾಲಿಸಿ, ಬಕೆಟ್ಟನ್ನು ಮೆಲ್ಲಗೆ ಕೆಳಗಿಳಿಸಿದರು. ಅದು ನೀರಿಗೆ ತಾಗಿದ ಸಪ್ಪಳ ಕೇಳಲೇ ಇಲ್ಲ. ಹಗ್ಗ ಮಾತ್ರ ಹಗುರಾಯಿತು, ಯಾರೋ ಕೈಯೊಡ್ಡಿ ಇಸಿದುಕೊಂಡಂತೆ. ಮೇಲೆಳೆದಾಗ ಬಕೆಟ್ಟಿನಲ್ಲಿ ಒಂದು ಒದ್ದೆ ಬಿಳಿಬಟ್ಟೆಯಿತ್ತು, ನೀಟಾಗಿ ಮಡಚಿದ್ದು. ನಮ್ಮದು ಅತ್ತೆಯ ಹೆಗಲ ಮೇಲೇ ಇತ್ತು.

“ಕೆಳಗ ನಮ್ಮ ಪೈಕಿ ಯಾರೋ ಅದಾರ,” ಎಂದು ಅತ್ತೆ ಹಿಗ್ಗಿನಿಂದ ಅದನ್ನು ಚೀಲಕ್ಕೆ ಹಾಕಿಕೊಂಡರು.

ಇವತ್ತಿಗೂ ಅದರಲ್ಲೇ ನೀರು ಸೋಸುತ್ತೇವೆ. ಮನೆಯಲ್ಲಿ ಯಾರಿಗೂ ಏನೂ ಆಗಿಲ್ಲ. ದಿನಾ ಬಿಸಿಲಿಗೆ ಹಾಕುತ್ತೇನೆ. ಆ ಬಟ್ಟೆ ಮಾತ್ರ ಇನ್ನೂ ಒಂದು ಸಲವೂ ಒಣಗಿಲ್ಲ.